ಹಳೆ ವೆಬ್ ಸರ್ವಿಸ್‌ಗೆ ಹೊಸ ಯುಆರ್‌ಎಲ್ ಕೊಡೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ರಾಜಾಜಿನಗರದಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಪೀಣ್ಯದ ಕೆಲವು ಕಾರ್ಖಾನೆಗಳಿಗೆ, ಚಿಕ್ಕಪೇಟೆಯ ಒಂದಷ್ಟು ಹೋಲ್‌ಸೇಲ್ ಅಂಗಡಿಗಳಿಗೆ ಸ್ಟಾಕ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ಒಳಗಡೆ ಓಡುತ್ತಿರುವುದು 2007ರ ಹೊತ್ತಿಗೆ ಬರೆದ ಎಎಸ್‌ಎಂಎಕ್ಸ್ (ಮೈಕ್ರೋಸಾಫ್ಟ್ ಡಾಟ್‌ನೆಟ್‌ನ ಹಳೆ ಥರದ) ವೆಬ್ ಸರ್ವಿಸ್‌ಗಳು, ಅಂದರೆ ಗ್ರಾಹಕರ ಪ್ರೋಗ್ರಾಂಗಳು ನೆಟ್ ಮೂಲಕ ಕರೆಯುವ ಸರ್ವರ್ ಪ್ರೋಗ್ರಾಂಗಳು. ಈಗ ಅವು ನಮ್ಮ ಎಂವಿಸಿ (ಡಾಟ್‌ನೆಟ್‌ನ ಇನ್ನೊಂದು ವೆಬ್ ಚೌಕಟ್ಟು) ಸೈಟಿನ ಜೊತೆಗೇ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನಲ್ಲಿವೆ. ಯುಆರ್‌ಎಲ್ ಮೂರು ಫೋಲ್ಡರ್ ದಾಟಿ ‘ಸ್ಟಾಕ್‌ಸರ್ವಿಸ್2.ಎಎಸ್‌ಎಂಎಕ್ಸ್’ ಅಂತ ಮುಗಿಯುತ್ತದೆ. ಅದನ್ನು ‘ಸೇವೆ/ಸ್ಟಾಕ್/ವಿ1’ ಥರ ಚೊಕ್ಕ ಮಾಡಬೇಕು. ಎಂವಿಸಿ ರೂಟ್ ಟೇಬಲ್‌ಗೆ (ಯಾವ ಯುಆರ್‌ಎಲ್ ಯಾವ ಕೋಡಿಗೆ ಅನ್ನೋ ಪಟ್ಟಿ) ಸೇರಿಸಿದೆ, 404 (‘ಸಿಗಲಿಲ್ಲ’) ಬಂತು. ಆಮೇಲೆ ಫೈಲನ್ನೇ ಹೊಸ ಜಾಗಕ್ಕೆ ಹಾಕಿ, ಹಳೆಯದರಿಂದ 301 ರಿಡೈರೆಕ್ಟ್ (‘ವಿಳಾಸ ಬದಲಾಗಿದೆ, ಅಲ್ಲಿಗೆ ಹೋಗಿ’ ಅನ್ನೋ ಉತ್ತರ) ಕೊಟ್ಟೆ. ಬ್ರೌಸರಿನಲ್ಲಿ ಚೆನ್ನಾಗಿ ಬಂತು. ಆದರೆ ಒಂದು ಕಾರ್ಖಾನೆಯಲ್ಲಿ ಚಲನ್ ಪ್ರಿಂಟ್ ಆಗೋದೇ ನಿಂತುಹೋಯ್ತು. ರಾತ್ರಿಯೇ ಎಲ್ಲ ವಾಪಸ್ ತೆಗೆದೆ. ಸರಿಯಾದ ದಾರಿ ಯಾವುದು?

ಉತ್ತರ: ರಾತ್ರಿಯೇ ವಾಪಸ್ ತೆಗೆದದ್ದು ಒಳ್ಳೆಯದಾಯಿತು. ಗೇಟಿನಲ್ಲಿ ಲೋಡ್ ಆದ ಲಾರಿ ನಿಂತಿರುವಾಗ ಚಲನ್ ಬರಲಿಲ್ಲ ಅಂದರೆ ಅಲ್ಲಿನವರಿಗೆ ನಮ್ಮ ಯುಆರ್‌ಎಲ್ ಚೊಕ್ಕವಾಗಿದೆಯೋ ಇಲ್ಲವೋ ಬೇಕಾಗಿಲ್ಲ. ಈ ಕೆಲಸದಲ್ಲಿ ಅವರನ್ನೇ ಮೊದಲು ನೆನಪಿಟ್ಟುಕೊಳ್ಳಬೇಕು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟು. ಹೊಸ ಯುಆರ್‌ಎಲ್ ಸೇರಿಸಿ, ಹಳೆಯದನ್ನು ತೆಗೆಯಬೇಡಿ. ಹಳೆಯದರಿಂದ ಹೊಸದಕ್ಕೆ ರಿಡೈರೆಕ್ಟ್ ಬೇಡವೇ ಬೇಡ, ಸರ್ವರ್ ಒಳಗೇ ರೀರೈಟ್ ಮಾಡಿ, ಅಂದರೆ ಹೊಸ ವಿಳಾಸಕ್ಕೆ ಬಂದದ್ದನ್ನು ಕರೆದವರಿಗೆ ತಿಳಿಯದ ಹಾಗೆ ಹಳೆ ಫೈಲಿಗೆ ಕಳಿಸಿ. ಫೈಲ್ ಇದ್ದ ಜಾಗದಲ್ಲೇ ಇರಲಿ. ನಮ್ಮ ಹಳೆ ಬಡಾವಣೆಗಳಲ್ಲಿ ಗೇಟಿನ ಮೇಲೆ ‘ಹೊಸ ನಂ.’, ‘ಹಳೆ ನಂ.’ ಅಂತ ಎರಡೂ ಬರೆದಿರುತ್ತಾರಲ್ಲ, ಹಾಗೆ. ಎರಡರಲ್ಲಿ ಯಾವ ನಂಬರ್ ಬರೆದರೂ ಕಾಗದ ಅದೇ ಮನೆಗೆ ಬರಬೇಕು.

ಮೊದಲು ರಿಡೈರೆಕ್ಟ್ ಯಾಕೆ ಕೈಕೊಟ್ಟಿತು ಅಂತ ನೋಡೋಣ. ಇದು ಗೊತ್ತಾದರೆ ಮಿಕ್ಕಿದ್ದು ಸಲೀಸು.

ಬ್ರೌಸರಿನಲ್ಲಿ ನೀವು ಯುಆರ್‌ಎಲ್ ಹೊಡೆದಾಗ ಹೋಗೋದು ಗೆಟ್ ರಿಕ್ವೆಸ್ಟ್, ಅಂದರೆ ಬರೀ ‘ಇದನ್ನು ಕೊಡು’ ಅನ್ನೋದು. ಅದಕ್ಕೆ 301 ಸಿಕ್ಕರೆ ಬ್ರೌಸರ್ ಹೊಸ ಜಾಗಕ್ಕೆ ಹೋಗುತ್ತದೆ, ಪೇಜ್ ಕಾಣುತ್ತದೆ. ಆದರೆ ಕಾರ್ಖಾನೆಯ ಪ್ರೋಗ್ರಾಂ ಕಳಿಸೋದು ಪೋಸ್ಟ್, ಅಂದರೆ ಒಳಗೆ ಡೇಟಾ ಇಟ್ಟು ಕಳಿಸುವ ರಿಕ್ವೆಸ್ಟ್. ಅದರ ಹೊಟ್ಟೆಯಲ್ಲಿ ಸೋಪ್ ಎನ್ವಲಪ್ (ಕರೆಯ ವಿವರ ತುಂಬಿದ ಎಕ್ಸ್‌ಎಂಎಲ್ ಲಕೋಟೆ) ಇರುತ್ತದೆ. ಡಾಟ್‌ನೆಟ್‌ನಲ್ಲಿ ‘ಆ್ಯಡ್ ವೆಬ್ ರೆಫರೆನ್ಸ್’ ಕೊಟ್ಟು ಮಾಡಿದ ಕ್ಲೈಂಟ್ (ಸರ್ವಿಸನ್ನು ಕರೆಯುವ ಕಡೆಯ) ಕ್ಲಾಸ್‌ಗೆ ‘ಅಲೌ ಆಟೋ ರಿಡೈರೆಕ್ಟ್’ ಅಂತ ಒಂದು ಪ್ರಾಪರ್ಟಿ ಇದೆ. ಅದು ಮೊದಲಿನಿಂದಲೂ ‘ಫಾಲ್ಸ್’. ಅಂದರೆ 301 ಬಂದ ತಕ್ಷಣ ಆ ಕ್ಲೈಂಟ್ ‘ರಿಕ್ವೆಸ್ಟ್ ಫೇಲ್ ಆಯ್ತು’ ಅಂತ ಎಕ್ಸೆಪ್ಶನ್ ಎಸೆದು ಕೂತುಬಿಡುತ್ತದೆ. ಹೊಸ ವಿಳಾಸ ಏನು ಅಂತ ನೋಡೋದೂ ಇಲ್ಲ.

ರಿಡೈರೆಕ್ಟ್ ಅನುಸರಿಸುವ ಕ್ಲೈಂಟ್‌ಗಳ ಕಥೆ ಇನ್ನೊಂದು ಥರ. 301, 302 ಸಿಕ್ಕಾಗ ಬಹಳಷ್ಟು ಲೈಬ್ರರಿಗಳು ಪೋಸ್ಟನ್ನು ಗೆಟ್ ಮಾಡಿಬಿಡುತ್ತವೆ. ಒಳಗಿದ್ದ ಎನ್ವಲಪ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಎಎಸ್‌ಎಂಎಕ್ಸ್‌ಗೆ ಬರಿಗೈಲಿ ಗೆಟ್ ಬಂದರೆ ಅದು ಮೆಥಡ್‌ಗಳ ಪಟ್ಟಿ ಇರುವ ಹೆಲ್ಪ್ ಪೇಜ್ ಕೊಡುತ್ತದೆ, ಅದೂ 200 ಓಕೆ ಜೊತೆಗೆ. ಕ್ಲೈಂಟ್ ಕಡೆ ಬರುವ ಎರರ್ ಮಾತ್ರ ‘ನನಗೆ ಟೆಕ್ಸ್ಟ್/ಎಕ್ಸ್‌ಎಂಎಲ್ ಬೇಕಿತ್ತು, ಟೆಕ್ಸ್ಟ್/ಎಚ್‌ಟಿಎಂಎಲ್ ಬಂತು’ ಅನ್ನೋ ಅರ್ಥದ್ದು. ಈ ಎರರ್ ಕಂಡರೆ ಬಹಳಷ್ಟು ಸಲ ನಡುವೆ ಎಲ್ಲೋ ರಿಡೈರೆಕ್ಟ್ ಅಥವಾ ಲಾಗಿನ್ ಪೇಜ್ ಕೂತಿದೆ ಅಂತಲೇ ತಿಳಿಯಿರಿ. ಪೋಸ್ಟನ್ನು ಪೋಸ್ಟ್ ಆಗಿಯೇ ಉಳಿಸುವ 307, 308 ಇವೆ ನಿಜ. ಆದರೆ ರಿಡೈರೆಕ್ಟನ್ನೇ ನೋಡದ ಕ್ಲೈಂಟ್‌ಗೆ ಯಾವ ನಂಬರ್ ಕೊಟ್ಟರೇನು? 2007ರಲ್ಲಿ ಬರೆದ ಕ್ಲೈಂಟ್‌ಗಳಿಗೆ 308 ಅನ್ನೋದು ಗೊತ್ತೇ ಇಲ್ಲ.

ಇನ್ನೊಂದು ಕಡೆಯಿಂದಲೂ ರಿಡೈರೆಕ್ಟ್ ನುಸುಳುತ್ತದೆ. ಐಐಎಸ್‌ನ ಯುಆರ್‌ಎಲ್ ರೀರೈಟ್ ಮಾಡ್ಯೂಲ್‌ನಲ್ಲಿ ‘ಎಲ್ಲಾ ಯುಆರ್‌ಎಲ್ ಸಣ್ಣಕ್ಷರಕ್ಕೆ ತರು’, ‘ಕೊನೆಯ ಸ್ಲ್ಯಾಶ್ ತೆಗೆ’ ಅನ್ನೋ ರೆಡಿಮೇಡ್ ರೂಲ್‌ಗಳಿವೆ. ಗೂಗಲ್‌ನಲ್ಲಿ ಸೈಟ್ ಚೆನ್ನಾಗಿ ಕಾಣಲಿ ಅಂತ ಯಾರೋ ಹಾಕಿರುತ್ತಾರೆ. ಇವೆಲ್ಲ ರಿಡೈರೆಕ್ಟ್ ಮಾಡುವ ರೂಲ್‌ಗಳೇ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ತಳ್ಳುವ ರೂಲ್ ಕೂಡ ಅಷ್ಟೇ. ಮನುಷ್ಯರು ನೋಡುವ ಪೇಜ್‌ಗಳಿಗೆ ಅವು ಸರಿ, ಸೋಪ್ ಪೋಸ್ಟ್‌ಗಳಿಗೆ ವಿಷ. ನಿಮ್ಮ ಸರ್ವಿಸ್ ರೂಲ್‌ಗಳನ್ನು ಇವೆಲ್ಲಕ್ಕಿಂತ ಮೇಲೆ ಇಟ್ಟು ‘ಸ್ಟಾಪ್ ಪ್ರೊಸೆಸಿಂಗ್’ ಆನ್ ಮಾಡಿ. ಹಾಗೆಯೇ ಹಳೆ ಎಎಸ್‌ಎಂಎಕ್ಸ್ ವಿಳಾಸಗಳನ್ನೂ ಈ ರೂಲ್‌ಗಳಿಂದ ಹೊರಗಿಡಿ.

ಇನ್ನು ಏನನ್ನು ಮುಟ್ಟಬಾರದು ಅನ್ನೋದು. ಸೋಪ್‌ನಲ್ಲಿ ವಿಳಾಸವೇ ಬೇರೆ, ಕರಾರೇ ಬೇರೆ. ಯುಆರ್‌ಎಲ್ ವಿಳಾಸ ಮಾತ್ರ. ನೇಮ್‌ಸ್ಪೇಸ್, ಮೆಥಡ್ ಹೆಸರು, ಪ್ಯಾರಾಮೀಟರ್ ಹೆಸರು, ಸೋಪ್‌ಆ್ಯಕ್ಷನ್ ಹೆಡರ್ ಇವೆಲ್ಲ ಕರಾರು. ನಿಮ್ಮ ಕೋಡಿನಲ್ಲಿ ಹುಡುಕಿ, ನೇಮ್‌ಸ್ಪೇಸ್ ಬಹುಶಃ ‘ಟೆಂಪ್‌ಯುಆರ್‌ಐ.ಆರ್ಗ್’ ಅಂತಲೇ ಇರುತ್ತದೆ. ವಿಷುಯಲ್ ಸ್ಟುಡಿಯೋ ತಾನಾಗಿ ಹಾಕಿಕೊಟ್ಟದ್ದು ಅದು. ಯುಆರ್‌ಎಲ್ ಹೊಸದಾಗುತ್ತಿದೆ, ಇದನ್ನೂ ನಮ್ಮ ಡೊಮೈನ್‌ಗೆ ಬದಲಾಯಿಸೋಣ ಅಂತ ಕೈ ತುರಿಸುತ್ತದೆ. ಬೇಡ. ಅದು ನೋಡೋಕೆ ಯುಆರ್‌ಎಲ್ ಥರ ಇದೆ ಅಷ್ಟೇ, ಅಲ್ಲಿಗೆ ಯಾರೂ ಹೋಗಲ್ಲ. ಅದು ಬರೀ ಒಂದು ಹೆಸರು. ಸೋಪ್ 1.1ರಲ್ಲಿ ಸೋಪ್‌ಆ್ಯಕ್ಷನ್ ಹೆಡರ್ ಆಗೋದು ಈ ನೇಮ್‌ಸ್ಪೇಸ್ ಮತ್ತು ಮೆಥಡ್ ಹೆಸರು ಸೇರಿ. ಯಾವ ಮೆಥಡ್ ಕರೀಬೇಕು ಅಂತ ಎಎಸ್‌ಎಂಎಕ್ಸ್ ತೀರ್ಮಾನ ಮಾಡೋದು ಈ ಹೆಡರ್ ನೋಡಿ. ಒಂದಕ್ಷರ ಆಚೀಚೆ ಆದರೂ ಹಳೆ ಕ್ಲೈಂಟ್‌ಗಳೆಲ್ಲ ಒಟ್ಟಿಗೆ ಬೀಳುತ್ತವೆ. ನೇಮ್‌ಸ್ಪೇಸ್ ಬದಲಾಯಿಸಲೇಬೇಕು ಅಂತಿದ್ದರೆ ಅದು ವಿ2. ಅದು ಬೇರೆ ಕೆಲಸ, ಬೇರೆ ದಿನ.

ರೂಲ್ ಬರೆಯೋಕೆ ಮುಂಚೆ ಐಐಎಸ್ ಲಾಗ್ ತೆಗೆದು ಕೂತ್ಕೊಳ್ಳಿ. ಯಾರ್ಯಾರು ಕರೆಯುತ್ತಿದ್ದಾರೆ ಅಂತ ಗ್ರಾಹಕರನ್ನು ಕೇಳಿದರೆ ಅರ್ಧ ಜನಕ್ಕೆ ಗೊತ್ತಿರಲ್ಲ. ಲಾಗ್‌ಗೆ ಗೊತ್ತಿರುತ್ತದೆ. ನೆನಪಿರಲಿ, ಅಲ್ಲಿನ ಟೈಮ್ ಯುಟಿಸಿ. ಲಾಗ್‌ನಲ್ಲಿ 04:30 ಅಂತಿದ್ದರೆ ನಮ್ಮಲ್ಲಿ ಬೆಳಗ್ಗೆ ಹತ್ತು ಗಂಟೆ. ದಿನಕ್ಕೊಂದು ಫೈಲ್ ಅಂತ ಇಟ್ಟಿದ್ದರೆ ಹೊಸ ಫೈಲ್ ಶುರುವಾಗೋದೂ ನಮ್ಮ ಬೆಳಗ್ಗೆ ಐದೂವರೆಗೆ, ನೀವು ಬೇರೆ ಸೆಟ್ಟಿಂಗ್ ಮಾಡಿಲ್ಲದಿದ್ದರೆ.

ಆ ಲಾಗ್‌ನಲ್ಲಿ ಯೂಸರ್ ಏಜೆಂಟ್ ಕಾಲಂ ನೋಡಿ. ಶುರುವಿನಲ್ಲಿ ‘ಮೊಜಿಲ್ಲಾ/4.0’, ‘ಎಂಎಸ್‌ಐಇ 6.0’ ಅಂತ ಇರುತ್ತದೆ. ಯಾರೋ ಇನ್ನೂ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಳಸುತ್ತಿದ್ದಾರೆ ಅಂದುಕೊಂಡು ಮುಂದೆ ಹೋಗಬೇಡಿ. ಅದೇ ಸಾಲಿನಲ್ಲಿ ಸ್ವಲ್ಪ ಮುಂದೆ ‘ಎಂಎಸ್ ವೆಬ್ ಸರ್ವಿಸಸ್ ಕ್ಲೈಂಟ್ ಪ್ರೋಟೋಕಾಲ್’ ಅಂತ ಇರುತ್ತದೆ, ಪಕ್ಕದಲ್ಲೊಂದು ನಂಬರ್. ಅದೇ ನಿಮ್ಮ ಸೋಪ್ ಕ್ಲೈಂಟ್. ನಂಬರ್ 2.0.50727ರಿಂದ ಶುರುವಾದರೆ ಆ ಪ್ರೋಗ್ರಾಂ ಡಾಟ್‌ನೆಟ್ 2.0 ಅಥವಾ 3.5ರದ್ದು. 4.0.30319 ಆದರೆ 4ರ ಸಾಲಿನದ್ದು. 1.1.4322 ಕಂಡರೆ 2003ರ ಕಾಲದ್ದು, ಅದನ್ನು ಬರೆದವರು ಈಗ ಆ ಊರಲ್ಲೇ ಇಲ್ಲದಿರಬಹುದು. ‘ಜಾವಾ/1.6’, ‘ಆ್ಯಕ್ಸಿಸ್/1.4’ ಅಂತಿದ್ದರೆ ಜಾವಾ ಕಡೆಯವರು. ಐಪಿ ವಿಳಾಸ, ಈ ನಂಬರ್, ಕರೆಯುವ ಹೊತ್ತು ಈ ಮೂರನ್ನೂ ಸೇರಿಸಿ ಒಂದು ಎಕ್ಸೆಲ್ ಶೀಟ್ ಮಾಡಿಕೊಂಡರೆ ಯಾವ ಗ್ರಾಹಕರಿಗೆ ಫೋನ್ ಮಾಡಬೇಕು ಅನ್ನೋದು ಅಲ್ಲೇ ಸಿಗುತ್ತದೆ. ಹಾಗೇ ಯುಆರ್‌ಎಲ್ ಕಾಲಂನಲ್ಲಿ ಎಎಸ್‌ಎಂಎಕ್ಸ್ ಆದ ಮೇಲೆ ಸ್ಲ್ಯಾಶ್ ಹಾಕಿ ಮೆಥಡ್ ಹೆಸರು ಬಂದಿದೆಯಾ ನೋಡಿ. ಬಂದಿದ್ದರೆ ಯಾರೋ ಸೋಪ್ ಇಲ್ಲದೆ, ಫಾರ್ಮ್ ಪೋಸ್ಟ್ ಅಥವಾ ಜೇಸನ್ (ಸೋಪ್‌ಗಿಂತ ಹಗುರವಾದ ಡೇಟಾ ರೂಪ) ರೀತಿಯಲ್ಲಿ ಕರೆಯುತ್ತಿದ್ದಾರೆ ಅಂತ ಅರ್ಥ. ರೂಲ್ ಬರೆಯುವಾಗ ಇದು ಬೇಕಾಗುತ್ತದೆ.

ಈಗ ರೂಲ್. ಯುಆರ್‌ಎಲ್ ರೀರೈಟ್ ಮಾಡ್ಯೂಲ್ ಐಐಎಸ್ ಜೊತೆ ಬರುವುದಿಲ್ಲ, ಮೈಕ್ರೋಸಾಫ್ಟ್‌ನಿಂದ ಬೇರೆಯಾಗಿ ಇಳಿಸಿಕೊಂಡು ಹಾಕಬೇಕು, ದುಡ್ಡಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ಹಾಕಿ ಲೈವ್ ಸರ್ವರ್‌ನಲ್ಲಿ ಮರೆತರೆ, ವೆಬ್.ಕಾನ್ಫಿಗ್ (ಸೈಟಿನ ಸೆಟ್ಟಿಂಗ್ ಫೈಲ್) ಕಾಪಿ ಆದ ಕ್ಷಣವೇ ಇಡೀ ಸೈಟ್ 500.19 ಎರರ್ ಕೊಡುತ್ತದೆ. ‘ರೀರೈಟ್’ ಅನ್ನೋ ಸೆಕ್ಷನ್ ಆ ಸರ್ವರ್‌ಗೆ ಗುರುತೇ ಇರಲ್ಲ ನೋಡಿ.

ಪ್ಯಾಟರ್ನ್ ಹೀಗಿರಲಿ (ಓದೋಕೆ ಸುಲಭ ಆಗಲಿ ಅಂತ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಫೈಲಿನಲ್ಲಿ ನಿಮ್ಮ ಯುಆರ್‌ಎಲ್‌ನ ನಿಜವಾದ ಹೆಸರು ಹಾಕಿ):

^ಸೇವೆ/ಸ್ಟಾಕ್/ವಿ1(/.*)?$

ಶುರುವಿನಲ್ಲಿ ಸ್ಲ್ಯಾಶ್ ಇಲ್ಲ ಅನ್ನೋದು ಗಮನಿಸಿ. ವೆಬ್.ಕಾನ್ಫಿಗ್ ರೂಲ್‌ಗಳಿಗೆ ಐಐಎಸ್ ಮೊದಲ ಸ್ಲ್ಯಾಶ್ ತೆಗೆದೇ ಕೊಡುತ್ತದೆ. ರೂಲ್ ಬರೆದೆ, ಮ್ಯಾಚೇ ಆಗ್ತಿಲ್ಲ ಅನ್ನೋ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಬ್ರಾಕೆಟ್ ಒಳಗಿನ ಭಾಗ ಮೆಥಡ್ ಹೆಸರಿಗೆ. ಆ್ಯಕ್ಷನ್ ಟೈಪ್ ‘ರೀರೈಟ್’. ಹೋಗಬೇಕಾದ ಜಾಗ ಹಳೆ ಎಎಸ್‌ಎಂಎಕ್ಸ್ ದಾರಿ, ಅದರ ಬಾಲಕ್ಕೆ ಬ್ರಾಕೆಟ್‌ನಲ್ಲಿ ಸಿಕ್ಕ ತುಂಡು, ಅಂದರೆ ಮೊದಲನೇ ಬ್ಯಾಕ್ ರೆಫರೆನ್ಸ್. ಕ್ವೆರಿ ಸ್ಟ್ರಿಂಗ್ ತಾನಾಗಿ ಅಂಟಿಕೊಂಡು ಹೋಗುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ ವ್ಯತ್ಯಾಸ ಮಾಡದೆ ಮ್ಯಾಚ್ ಆಗುತ್ತದೆ. ಇದೆಲ್ಲ ಡೀಫಾಲ್ಟ್ ಆಗಿಯೇ ಹಾಗಿದೆ, ಬದಲಾಯಿಸಬೇಡಿ.

ಹೊಸ ದಾರಿಯೂ ಹಳೆ ಫೈಲೂ ಒಂದೇ ಆಪ್ ಪೂಲ್‌ನಲ್ಲಿ (ಐಐಎಸ್ ಸೈಟ್‌ಗಳನ್ನು ಓಡಿಸುವ ಪ್ರತ್ಯೇಕ ಗುಂಪು) ಇರಬೇಕು. ಬೇರೆ ಬೇರೆ ಪೂಲ್ ಇದ್ದರೆ ರೀರೈಟ್ ಅಲ್ಲಿಗೆ ದಾಟಲ್ಲ, ಎಆರ್‌ಆರ್ (ರಿಕ್ವೆಸ್ಟನ್ನು ಬೇರೆಡೆಗೆ ದಾಟಿಸುವ ಐಐಎಸ್ ಮಾಡ್ಯೂಲ್) ಹಾಕಿ ಪ್ರಾಕ್ಸಿ ಮಾಡಬೇಕಾಗುತ್ತದೆ.

ಎಂವಿಸಿ ಕಡೆ ಒಂದು ಕೆಲಸ ಇದೆ. ಡಿಸ್ಕ್‌ನಲ್ಲಿ ಇರುವ ಫೈಲಿಗೆ ಎಂವಿಸಿ ಅಡ್ಡ ಬರುವುದಿಲ್ಲ, ಆದರೆ ಮೆಥಡ್ ಹೆಸರು ಬಾಲದಲ್ಲಿದ್ದ ರಿಕ್ವೆಸ್ಟನ್ನು ಅದು ತನ್ನದು ಅಂತ ಹಿಡಿದುಕೊಳ್ಳಬಹುದು. ರೂಟ್ ಟೇಬಲ್‌ನ ಮೇಲ್ಗಡೆ ‘ಇಗ್ನೋರ್ ರೂಟ್’ ಹಾಕಿ. ಪ್ರಾಜೆಕ್ಟ್ ಮಾಡುವಾಗ ಎಎಕ್ಸ್‌ಡಿ ಫೈಲ್‌ಗಳಿಗೆ ಅಂತ ಒಂದು ಸಾಲು ತಾನಾಗಿ ಬಂದಿರುತ್ತದೆ. ಅದನ್ನೇ ಕಾಪಿ ಮಾಡಿ ಎಎಸ್‌ಎಂಎಕ್ಸ್ ಅಂತ ತಿದ್ದಿದರೆ ಸಾಲದು. ಆ ಸಾಲಿನ ‘ರಿಸೋರ್ಸ್’ ಅನ್ನೋ ಜಾಗ ಒಂದೇ ತುಂಡಿಗೆ ಮ್ಯಾಚ್ ಆಗುತ್ತದೆ. ನಿಮ್ಮ ಫೈಲ್ ಮೂರು ಫೋಲ್ಡರ್ ಒಳಗಿದೆ. ಹಾಗಾಗಿ ಫೋಲ್ಡರ್ ದಾರಿಯನ್ನು ಮುಂದೆ ಪೂರ್ತಿ ಬರೆಯಬೇಕು.

ನಿಮ್ಮ ಮೊದಲ ಪ್ರಯತ್ನಕ್ಕೆ 404 ಬಂದದ್ದು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಎಂವಿಸಿಯ ರೂಟ್ ಹುಡುಕೋದು ಕಂಟ್ರೋಲರ್ ಕ್ಲಾಸನ್ನು. ‘ಸೇವೆ’ ಅಂತ ಕಂಟ್ರೋಲರ್ ಇಲ್ಲ, 404. ಎಎಸ್‌ಪಿ ಡಾಟ್‌ನೆಟ್ 4ರಲ್ಲಿ, ಅಂದರೆ 2010ರಲ್ಲಿ, ವೆಬ್ ಫಾರ್ಮ್‌ಗಳಿಗೆ ‘ಮ್ಯಾಪ್ ಪೇಜ್ ರೂಟ್’ ಬಂತು. ಅದು ಎಎಸ್‌ಪಿಎಕ್ಸ್‌ಗೆ ಮಾತ್ರ. ಎಎಸ್‌ಎಂಎಕ್ಸ್‌ಗೆ ಅಂಥದ್ದೇನೂ ಕೊಟ್ಟಿಲ್ಲ. ಬೇಕಿದ್ದರೆ ಐ-ರೂಟ್-ಹ್ಯಾಂಡ್ಲರ್ ಇಂಟರ್‌ಫೇಸ್ ಹಿಡಿದು ಒಂದು ಪುಟ್ಟ ಕ್ಲಾಸ್ ಬರೆಯಬೇಕು. ಅದರೊಳಗೆ ‘ವೆಬ್ ಸರ್ವಿಸ್ ಹ್ಯಾಂಡ್ಲರ್ ಫ್ಯಾಕ್ಟರಿ’ ಅನ್ನೋ ಕ್ಲಾಸ್‌ಗೆ ಎಎಸ್‌ಎಂಎಕ್ಸ್ ಫೈಲಿನ ದಾರಿ ಕೊಟ್ಟರೆ ಅದು ಹ್ಯಾಂಡ್ಲರ್ ಕೊಡುತ್ತದೆ. ಹತ್ತು ಹದಿನೈದು ಸಾಲು, ಸೋಪ್ ಕರೆಗಳು ಓಡುತ್ತವೆ.

ಆದರೂ ನಾನು ಆ ದಾರಿಯನ್ನು ಹೇಳಲ್ಲ. ಜೇಸನ್ ಕರೆಗಳನ್ನು ನೋಡಿಕೊಳ್ಳುವ ಫ್ಯಾಕ್ಟರಿ ಕ್ಲಾಸ್ ಫ್ರೇಮ್‌ವರ್ಕ್‌ನ ಒಳಗೇ ‘ಇಂಟರ್ನಲ್’ ಆಗಿದೆ, ನಿಮ್ಮ ಕೋಡಿನಿಂದ ನೇರವಾಗಿ ಸಿಗಲ್ಲ. ಬಾಲದಲ್ಲಿ ಮೆಥಡ್ ಹೆಸರಿರುವ ಕರೆಗಳೂ ಕೆಡುತ್ತವೆ, ಯಾಕೆಂದರೆ ಎಎಸ್‌ಎಂಎಕ್ಸ್ ಆ ಹೆಸರನ್ನು ಪಾತ್ ಇನ್ಫೋದಲ್ಲಿ (ಫೈಲ್ ಹೆಸರಿನ ನಂತರದ ಯುಆರ್‌ಎಲ್ ತುಂಡು) ಹುಡುಕುತ್ತದೆ, ರೌಟಿಂಗ್‌ನಲ್ಲಿ ಅದು ಖಾಲಿ. ಆಪ್ ಪೂಲ್ ಹಳೆ ರೀತಿಯ ಕ್ಲಾಸಿಕ್ ಮೋಡ್‌ನಲ್ಲಿದ್ದರೆ ಎಕ್ಸ್‌ಟೆನ್ಷನ್ ಇಲ್ಲದ ಯುಆರ್‌ಎಲ್ ಡಾಟ್‌ನೆಟ್ ತನಕ ಬರದೇ ಹೋಗಬಹುದು. ಹಳೆ ಸರ್ವಿಸ್‌ಗಳ ಪೂಲ್ ಕ್ಲಾಸಿಕ್‌ನಲ್ಲಿ ಇರೋದು ಬಹಳ ಸಾಮಾನ್ಯ.

ಇವೆಲ್ಲಕ್ಕಿಂತ ನನಗೆ ಭಯ ಇರೋದು ಬಾಗಿಲು ಕಾಯುವ ವಿಷಯದಲ್ಲಿ. ವೆಬ್.ಕಾನ್ಫಿಗ್‌ನಲ್ಲಿ ‘ಲೊಕೇಶನ್ ಪಾತ್’ ಕೊಟ್ಟು, ಆ ಎಎಸ್‌ಎಂಎಕ್ಸ್ ಫೈಲಿಗೆ ಇಂಥಿಂಥ ಯೂಸರ್ ಮಾತ್ರ ಬರಬಹುದು ಅಂತ ಬರೆದಿರುತ್ತೀರಿ. ಡಾಟ್‌ನೆಟ್‌ನ ಯುಆರ್‌ಎಲ್ ಆಥರೈಸೇಶನ್ ನೋಡೋದು ಬಂದ ಯುಆರ್‌ಎಲ್ ಮೇಲೆ, ಅದೂ ರೌಟಿಂಗ್ ಹ್ಯಾಂಡ್ಲರ್ ಆರಿಸೋಕೆ ಮುಂಚೆ. ಬಂದ ಯುಆರ್‌ಎಲ್ ‘ಸೇವೆ/ಸ್ಟಾಕ್/ವಿ1’. ಆ ಹೆಸರಿಗೆ ಯಾವ ನಿರ್ಬಂಧವೂ ಇಲ್ಲ. ಹಾಗಾಗಿ ಬಿಟ್ಟುಬಿಡುತ್ತದೆ. ಹಳೆ ವಿಳಾಸಕ್ಕೆ ಬೀಗ, ಹೊಸ ವಿಳಾಸಕ್ಕೆ ಬೀಗವೇ ಇಲ್ಲ. ವೆಬ್ ಫಾರ್ಮ್‌ನ ‘ಮ್ಯಾಪ್ ಪೇಜ್ ರೂಟ್’ ಫೈಲಿನ ಅನುಮತಿಯನ್ನೂ ಇನ್ನೊಮ್ಮೆ ಪರೀಕ್ಷೆ ಮಾಡುತ್ತದೆ. ನಾವೇ ಬರೆದ ಹ್ಯಾಂಡ್ಲರ್ ಮಾಡಲ್ಲ. ಕಂಪನಿಯಲ್ಲಿ ಬೇರೆ ಕಾರಣಕ್ಕೆ ಈ ದಾರಿಯೇ ಬೇಕು ಅಂತ ತೀರ್ಮಾನ ಆದರೆ, ‘ಚೆಕ್ ಯುಆರ್‌ಎಲ್ ಆ್ಯಕ್ಸೆಸ್ ಫಾರ್ ಪ್ರಿನ್ಸಿಪಲ್’ ಅನ್ನೋ ಮೆಥಡ್‌ಗೆ ಹಳೆ ಫೈಲಿನ ದಾರಿ, ಯೂಸರ್, ವರ್ಬ್ ಮೂರೂ ಕೊಟ್ಟು ಕೇಳಿ, ‘ಇಲ್ಲ’ ಅಂದರೆ 401 ಕೊಡಿ. ಇದನ್ನು ಮಾತ್ರ ಬಿಡಲೇಬೇಡಿ.

ಐಐಎಸ್ ರೀರೈಟ್‌ನಲ್ಲಿ ಈ ತಾಪತ್ರಯ ಇಲ್ಲ. ಅದು ಎಲ್ಲಕ್ಕಿಂತ ಮುಂಚೆ, ರಿಕ್ವೆಸ್ಟ್ ಒಳಗೆ ಕಾಲಿಡುವಾಗಲೇ ದಾರಿ ಬದಲಾಯಿಸುತ್ತದೆ. ಡಾಟ್‌ನೆಟ್ ಕಣ್ಣಿಗೆ ಬೀಳೋದು ಹಳೆ ದಾರಿಯೇ. ಹಳೆ ನಿರ್ಬಂಧಗಳೆಲ್ಲ ಹಾಗೇ ನಡೆಯುತ್ತವೆ. ಕ್ಲಾಸಿಕ್ ಆಗಲಿ ಇಂಟಿಗ್ರೇಟೆಡ್ ಆಗಲಿ ಓಡುತ್ತದೆ. ಒಂದು ಸಾಲೂ ಕಂಪೈಲ್ ಮಾಡಬೇಕಿಲ್ಲ, ಏನಾದರೂ ಆದರೆ ರೂಲ್ ಆಫ್ ಮಾಡಿದರೆ ಮುಗೀತು.

ಆದರೆ ಇದೇ ಗುಣ ಇನ್ನೊಂದು ಕಡೆ ತೊಂದರೆ ಕೊಡುತ್ತದೆ. ಅದು ಡಬ್ಲ್ಯೂಎಸ್‌ಡಿಎಲ್, ಅಂದರೆ ಸರ್ವಿಸ್‌ನ ಮೆಥಡ್‌ಗಳು, ವಿಳಾಸ ಎಲ್ಲವನ್ನೂ ವಿವರಿಸುವ ಎಕ್ಸ್‌ಎಂಎಲ್.

ಹೊಸ ಯುಆರ್‌ಎಲ್‌ಗೆ ಪ್ರಶ್ನಾರ್ಥಕ ಚಿಹ್ನೆ, ಡಬ್ಲ್ಯೂಎಸ್‌ಡಿಎಲ್ ಸೇರಿಸಿ ಬ್ರೌಸರಿನಲ್ಲಿ ತೆಗೀರಿ. ಉದ್ದದ ಎಕ್ಸ್‌ಎಂಎಲ್ ಬರುತ್ತದೆ. ಕೊನೆಗೆ ಹೋಗಿ. ಅಲ್ಲಿ ‘ಸರ್ವಿಸ್’ ಅಂತ ಒಂದು ಟ್ಯಾಗ್, ಅದರೊಳಗೆ ‘ಪೋರ್ಟ್’, ಅದರೊಳಗೆ ‘ಅಡ್ರೆಸ್’, ಅದರ ‘ಲೊಕೇಶನ್’ ಅನ್ನೋ ಕಡೆ ಒಂದು ಯುಆರ್‌ಎಲ್. ಸಾಮಾನ್ಯವಾಗಿ ಎರಡು ಪೋರ್ಟ್ ಇರುತ್ತವೆ, ಒಂದು ಸೋಪ್ 1.1ಕ್ಕೆ, ಇನ್ನೊಂದು 1.2ಕ್ಕೆ. ಆ ಲೊಕೇಶನ್‌ನಲ್ಲಿ ಹಳೆ ಎಎಸ್‌ಎಂಎಕ್ಸ್ ವಿಳಾಸವೇ ಇರುತ್ತದೆ. ಡಾಟ್‌ನೆಟ್ ತನಗೆ ಕಂಡ ಯುಆರ್‌ಎಲ್ ನೋಡಿ ಅದನ್ನು ಬರೆದಿದೆ. ನೀವು ಹೊಸ ವಿಳಾಸ ಕೊಟ್ಟಿರಿ ಅಂತ ಗ್ರಾಹಕರ ಪ್ರೋಗ್ರಾಮರ್ ಇದರಿಂದ ಕ್ಲೈಂಟ್ ಕೋಡ್ ಜನರೇಟ್ ಮಾಡುತ್ತಾರೆ. ಆ ಕೋಡಿನಲ್ಲಿ ಕೂರೋದು ಹಳೆ ವಿಳಾಸ. ಅವರು ಹೊಸದಕ್ಕೆ ಬಂದಿದ್ದೇವೆ ಅಂದುಕೊಂಡಿರುತ್ತಾರೆ, ನೀವೂ ಹಾಗೇ ಅಂದುಕೊಂಡಿರುತ್ತೀರಿ. ಹಳೆಯದನ್ನು ಮುಚ್ಚಿದ ದಿನ ಗೊತ್ತಾಗುತ್ತದೆ.

ಐಐಎಸ್ ಮುಂದುಗಡೆ ಎಂಜಿನ್‌ಎಕ್ಸ್ (ಇನ್ನೊಂದು ವೆಬ್ ಸರ್ವರ್) ಅಥವಾ ಲೋಡ್ ಬ್ಯಾಲೆನ್ಸರ್ ಇದ್ದರೆ ಇನ್ನೂ ಕಷ್ಟ. ಲೊಕೇಶನ್‌ನಲ್ಲಿ ಒಳಗಿನ ಸರ್ವರ್ ಹೆಸರು, 8080 ಥರದ ಪೋರ್ಟ್ ಬಂದುಬಿಡುತ್ತದೆ. ಹೊರಗಿನವರಿಗೆ ಆ ಹೆಸರು ಸಿಗಲ್ಲ. ಎಚ್‌ಟಿಟಿಪಿಎಸ್ ಮುಂದಿನ ಪೆಟ್ಟಿಗೆಯಲ್ಲೇ ಮುಗಿದರೆ ಲೊಕೇಶನ್ ಬರೀ ಎಚ್‌ಟಿಟಿಪಿ ಅಂತ ಬರುತ್ತದೆ. ‘ಎಕ್ಸ್-ಫಾರ್ವರ್ಡೆಡ್-ಪ್ರೋಟೋ’ ಹೆಡರ್ ಕಳಿಸಿದರೂ ಎಎಸ್‌ಎಂಎಕ್ಸ್ ಅದನ್ನು ತಾನಾಗಿ ನೋಡಲ್ಲ.

ಇದಕ್ಕೆ ನನ್ನ ಮೊದಲ ಆಯ್ಕೆ ಸ್ಥಿರವಾದ ಫೈಲ್. ಈಗಿನ ಡಬ್ಲ್ಯೂಎಸ್‌ಡಿಎಲ್ ಸೇವ್ ಮಾಡಿ, ಆ ಎರಡು ಲೊಕೇಶನ್ ತಿದ್ದಿ, ಎಕ್ಸ್‌ಎಂಎಲ್ ಫೈಲಾಗಿ ಇಡಿ. ಹೊಸ ವಿಳಾಸಕ್ಕೆ ಬಂದ ರಿಕ್ವೆಸ್ಟ್‌ನ ಕ್ವೆರಿ ಸ್ಟ್ರಿಂಗ್ ಡಬ್ಲ್ಯೂಎಸ್‌ಡಿಎಲ್ ಅಂತಿದ್ದರೆ ಈ ಫೈಲ್ ಕೊಡು ಅಂತ ಒಂದು ರೂಲ್ ಬರೆದು, ಅದನ್ನು ಸ್ಟಾಕ್ ರೂಲ್‌ಗಿಂತ ಮೇಲೆ ಇಡಿ. ಬೇರೇನನ್ನೂ ತಿದ್ದಬೇಡಿ, ನೇಮ್‌ಸ್ಪೇಸ್ ಹಾಗೇ ಇರಲಿ. ಹಳೆ ಸರ್ವಿಸ್‌ಗೆ ಹೊಸ ಮೆಥಡ್ ಸೇರಿಸೋದು ಅಪರೂಪ ತಾನೆ? ಹಾಗಾಗಿ ಇಷ್ಟು ಸಾಕು.

ಸರ್ವಿಸ್ ಇನ್ನೂ ಬೆಳೆಯುತ್ತಿದೆ ಅಂತಿದ್ದರೆ ಕೋಡಿನಲ್ಲೇ ಮಾಡಿ. ‘ಸೋಪ್ ಎಕ್ಸ್‌ಟೆನ್ಷನ್ ರಿಫ್ಲೆಕ್ಟರ್’ ಅನ್ನೋ ಕ್ಲಾಸಿನಿಂದ ಒಂದು ಕ್ಲಾಸ್ ಮಾಡಿ, ಅದರ ‘ರಿಫ್ಲೆಕ್ಟ್ ಡಿಸ್ಕ್ರಿಪ್ಷನ್’ ಮೆಥಡ್‌ನಲ್ಲಿ ಪ್ರತಿ ಪೋರ್ಟ್‌ನ ಅಡ್ರೆಸ್ ಹುಡುಕಿ ಲೊಕೇಶನ್ ಬದಲಾಯಿಸಿ, ವೆಬ್.ಕಾನ್ಫಿಗ್‌ನ ‘ವೆಬ್ ಸರ್ವಿಸಸ್’ ಭಾಗದಲ್ಲಿ ಅದನ್ನು ನೋಂದಾಯಿಸಿ. ರೀರೈಟ್ ಮಾಡ್ಯೂಲ್‌ನ ಔಟ್‌ಬೌಂಡ್ ರೂಲ್‌ನಿಂದಲೂ ಉತ್ತರದ ಒಳಗಿನ ಯುಆರ್‌ಎಲ್ ತಿದ್ದಬಹುದು. ಆದರೆ ಉತ್ತರ ಜಿಜಿಪ್ ಆಗಿ (ಒತ್ತಿ ಚಿಕ್ಕದು ಮಾಡಿ) ಬಂದರೆ 500.52 ಎರರ್. ಸುಮ್ನೆ ತಲೆನೋವು, ನಾನು ಬಳಸಲ್ಲ.

ಮುಂದೆ ಎಂಜಿನ್‌ಎಕ್ಸ್ ಇಡುವ ಯೋಚನೆ ಇದ್ದರೆ ಕೆಲವು ಮಾತು. ಹೋಸ್ಟ್ ಹೆಡರ್ ಅದು ಬಂದ ಹಾಗೇ ಒಳಕ್ಕೆ ಕಳಿಸಲಿ. ಅದರ ಲೊಕೇಶನ್ ಪಾತ್‌ಗಳು ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ ಅಂತಲೇ ನೋಡುತ್ತವೆ, ಐಐಎಸ್ ಹಾಗಲ್ಲ. ಇಷ್ಟು ವರ್ಷ ಯಾರೋ ‘ಎಎಸ್‌ಎಂಎಕ್ಸ್’ ಅನ್ನೋದನ್ನು ದೊಡ್ಡಕ್ಷರದಲ್ಲಿ ಬರೆದು ಓಡಿಸುತ್ತಿರುತ್ತಾರೆ, ಅವರಿಗೆ ದಿಢೀರ್ ಅಂತ 404. ಎಂಜಿನ್‌ಎಕ್ಸ್‌ನ ಬಾಡಿ ಸೈಜ್ (ರಿಕ್ವೆಸ್ಟ್ ಒಳಗಿನ ಡೇಟಾ) ಮಿತಿ ಡೀಫಾಲ್ಟ್ ಆಗಿ 1 ಎಂಬಿ. ಡಾಟ್‌ನೆಟ್‌ನದ್ದು 4 ಎಂಬಿ. ತಿಂಗಳ ಕೊನೆಗೆ ದೊಡ್ಡ ಸ್ಟಾಕ್ ಲಿಸ್ಟ್ ಕಳಿಸೋ ಗ್ರಾಹಕರಿಗೆ ಮಾತ್ರ 413 (‘ತುಂಬಾ ದೊಡ್ಡದು’) ಬರುತ್ತದೆ, ಮಿಕ್ಕ ದಿನ ಎಲ್ಲ ಸರಿ. ವಿಂಡೋಸ್ ಲಾಗಿನ್, ಅಂದರೆ ಎನ್‌ಟಿಎಲ್‌ಎಂ ಬಳಸುತ್ತಿದ್ದರೆ ಉಚಿತ ಎಂಜಿನ್‌ಎಕ್ಸ್ ಹಿಂದೆ ಅದು ಓಡಲ್ಲ.

ಟಿಎಲ್‌ಎಸ್ (ಎಚ್‌ಟಿಟಿಪಿಎಸ್ ಹಿಂದಿನ ಸುರಕ್ಷತಾ ಪ್ರೋಟೋಕಾಲ್) ಬಗ್ಗೆಯೂ ಎಚ್ಚರ. ಸರ್ವರ್‌ಗೆ ಟಿಎಲ್‌ಎಸ್ 1.2 ಮತ್ತು ಅದಕ್ಕಿಂತ ಹೊಸದು ಮಾತ್ರ ಅಂತ ಇಡೋದು ಸರಿಯಾದ ಕ್ರಮ. 1.0 ಮತ್ತು 1.1ನ್ನು 2021ರಲ್ಲಿ ಅಧಿಕೃತವಾಗಿ ಕೈಬಿಟ್ಟಿದ್ದಾರೆ. ಆದರೆ ಡಾಟ್‌ನೆಟ್ 4.5 ಮತ್ತು ಅದಕ್ಕಿಂತ ಹಿಂದಿನ ಕ್ಲೈಂಟ್‌ಗಳು ತಾವಾಗಿ 1.2 ಕೇಳಲ್ಲ, ಸೆಟ್ಟಿಂಗ್ ಅಥವಾ ಕೋಡ್ ಬದಲಾಯಿಸಬೇಕು. ಎಸ್.ಪಿ. ರೋಡಿನಲ್ಲಿ ಜೋಡಿಸಿದ ಹಳೆ ವಿಂಡೋಸ್ ಎಕ್ಸ್‌ಪಿ ಮಷಿನ್ ಇನ್ನೂ ಗೋಡೌನ್‌ನಲ್ಲಿ ಇದ್ದರೆ ಅದಕ್ಕೆ ಆ ದಾರಿಯೂ ಇಲ್ಲ. ಲಾಗ್‌ನಲ್ಲಿ ಬರೆದಿಟ್ಟುಕೊಂಡ ಆ 2.0.50727 ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ರೌಟಿಂಗ್ ಬದಲಾವಣೆ, ಟಿಎಲ್‌ಎಸ್ ಬದಲಾವಣೆ ಎರಡನ್ನೂ ಒಂದೇ ದಿನ ಮಾಡಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಅಂತ ಗೊತ್ತಾಗಲ್ಲ.

ಟೆಸ್ಟ್ ಮಾಡುವಾಗ ಬ್ರೌಸರನ್ನು ನಂಬಬೇಡಿ. ಸೋಪ್‌ಯುಐ ಅಥವಾ ಪೋಸ್ಟ್‌ಮ್ಯಾನ್ ಥರದ ಟೆಸ್ಟ್ ಸಾಧನ ತೆಗೆದುಕೊಂಡು ನಿಜವಾದ ಎನ್ವಲಪ್ ಪೋಸ್ಟ್ ಮಾಡಿ, ರಿಡೈರೆಕ್ಟ್ ಅನುಸರಿಸುವ ಆಯ್ಕೆ ಆಫ್ ಇರಲಿ. ಹಳೆ ವಿಳಾಸಕ್ಕೂ ಹೊಸದಕ್ಕೂ ಒಂದೇ ಎನ್ವಲಪ್ ಕಳಿಸಿ, ಎರಡು ಉತ್ತರ ಅಕ್ಷರಶಃ ಒಂದೇ ಆಗಿರಬೇಕು. ಸೋಪ್ 1.1, 1.2 ಎರಡೂ ನೋಡಿ. ಬೇಕಂತಲೇ ತಪ್ಪು ಡೇಟಾ ಕಳಿಸಿ, ಸೋಪ್ ಫಾಲ್ಟ್ (ಸೋಪ್ ರೂಪದ ಎರರ್ ಉತ್ತರ) ಸರಿಯಾಗಿ ಬರುತ್ತದಾ, ಅದರ ಜಾಗದಲ್ಲಿ ಎಚ್‌ಟಿಎಂಎಲ್ ಎರರ್ ಪೇಜ್ ಬರುತ್ತದಾ ಅಂತ ನೋಡಿ. ಲಾಗಿನ್ ಇಲ್ಲದೆ ಹೊಸ ವಿಳಾಸಕ್ಕೆ ಕಳಿಸಿ, ತಳ್ಳಿಹಾಕಲೇಬೇಕು.

ಇಷ್ಟಾದ ಮೇಲೆ ಒಬ್ಬೊಬ್ಬರೇ ಗ್ರಾಹಕರನ್ನು ಹೊಸದಕ್ಕೆ ತನ್ನಿ. ಹೆಚ್ಚಿನ ಡಾಟ್‌ನೆಟ್ ಕ್ಲೈಂಟ್‌ಗಳಲ್ಲಿ ಯುಆರ್‌ಎಲ್ ಕಾನ್ಫಿಗ್ ಫೈಲಿನಲ್ಲೇ ಇರುತ್ತದೆ, ನೋಟ್‌ಪ್ಯಾಡ್‌ನಲ್ಲಿ ಒಂದು ಸಾಲು ತಿದ್ದಿದರೆ ಆಯ್ತು. ಐಐಎಸ್ ಲಾಗ್‌ನಲ್ಲಿ ಬೀಳೋದು ಕ್ಲೈಂಟ್ ಕಳಿಸಿದ ಮೂಲ ಯುಆರ್‌ಎಲ್, ರೂಲ್‌ನಲ್ಲಿ ‘ರೀರೈಟ್ ಆದ ಯುಆರ್‌ಎಲ್ ಲಾಗ್ ಮಾಡು’ ಅನ್ನೋದನ್ನು ಟಿಕ್ ಮಾಡದಿದ್ದರೆ. ಟಿಕ್ ಮಾಡಬೇಡಿ. ಆಗ ಹಳೆಯದನ್ನು ಇನ್ನೂ ಯಾರು ಹಿಡಿದಿದ್ದಾರೆ ಅನ್ನೋದು ಲಾಗ್‌ನಲ್ಲೇ ನೇರ ಕಾಣುತ್ತದೆ. ಮುಂದೆ ಪ್ರಾಕ್ಸಿ ಇದ್ದರೆ ಎಲ್ಲ ಐಪಿಯೂ ಪ್ರಾಕ್ಸಿಯದ್ದೇ ಆಗಿಬಿಡುತ್ತದೆ. ಐಐಎಸ್ 8.5ರಿಂದ ಈಚೆಗೆ ‘ಎಕ್ಸ್-ಫಾರ್ವರ್ಡೆಡ್-ಫಾರ್’ ಹೆಡರನ್ನು ಲಾಗ್‌ಗೆ ಕಾಲಂ ಆಗಿ ಸೇರಿಸಬಹುದು, ಸೇರಿಸಿಕೊಳ್ಳಿ.

ಹಳೆ ವಿಳಾಸ ಎಷ್ಟು ದಿನ ಇರಬೇಕು? ಒಂದು ಪೂರ್ತಿ ಹಣಕಾಸು ವರ್ಷ, ಏಪ್ರಿಲ್‌ನಿಂದ ಮಾರ್ಚ್. ಮೂರು ತಿಂಗಳು ಲಾಗ್ ಖಾಲಿ ಇತ್ತು ಅಂತ ಮುಚ್ಚಬೇಡಿ. ವರ್ಷದ ಕೊನೆಯ ಸ್ಟಾಕ್ ಕ್ಲೋಸಿಂಗ್‌ಗೆ ಮಾತ್ರ ಓಡುವ ಪ್ರೋಗ್ರಾಂಗಳು ಇರುತ್ತವೆ. ಅವು ಮಾರ್ಚ್ 31ರ ಸಂಜೆ ಎದ್ದು ಹಳೆ ವಿಳಾಸಕ್ಕೇ ಬರುತ್ತವೆ.

ಈ ಸರ್ವಿಸ್‌ಗಳನ್ನೇ ಬಿಸಾಕಿ ಹೊಸದಾಗಿ ಬರೆಯಬೇಕಾ ಅನ್ನೋ ಚಿಂತೆ ಬೇಡ. ಎಎಸ್‌ಎಂಎಕ್ಸ್ ಹೊಸ ಡಾಟ್‌ನೆಟ್‌ನಲ್ಲಿ ಇಲ್ಲ ಅನ್ನೋದು ನಿಜ. ಆದರೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ವಿಂಡೋಸ್‌ನ ಭಾಗವಾಗಿಯೇ ಸಪೋರ್ಟ್ ಪಡೆಯುತ್ತದೆ. ಅವಸರವಿಲ್ಲ. ಮುಂದೊಂದು ದಿನ ಒಳಗಿನ ಕೋಡನ್ನು ಕೋರ್-ಡಬ್ಲ್ಯೂಸಿಎಫ್‌ಗೆ (ಹೊಸ ಡಾಟ್‌ನೆಟ್‌ನಲ್ಲಿ ಸೋಪ್ ಓಡಿಸುವ ಲೈಬ್ರರಿ) ಸಾಗಿಸಿದರೂ ಹೊರಗಿನ ‘ಸೇವೆ/ಸ್ಟಾಕ್/ವಿ1’ ಹಾಗೇ ಇರುತ್ತದೆ. ಗ್ರಾಹಕರಿಗೆ ಇನ್ನೊಂದು ಸಲ ಫೋನ್ ಮಾಡಬೇಕಿಲ್ಲ.

ವರ್ಷ ಕಳೆದು ಹಳೆ ವಿಳಾಸ ಮುಚ್ಚುವಾಗ ಫೈಲನ್ನು ಡಿಲೀಟ್ ಮಾಡಬೇಡಿ, ಅದನ್ನೇ ನೆಚ್ಚಿ ಹೊಸ ವಿಳಾಸ ಓಡುತ್ತಿದೆ. ಹಳೆ ದಾರಿಗೆ ಹೊರಗಿನಿಂದ ನೇರವಾಗಿ ಬರುವ ರಿಕ್ವೆಸ್ಟ್‌ಗಳನ್ನು ಇನ್ನೊಂದು ರೂಲ್‌ನಿಂದ ಒಂದು ಸಣ್ಣ ಹ್ಯಾಂಡ್ಲರ್‌ಗೆ ಕಳಿಸಿ. ಬರೀ 404 ಕೊಟ್ಟರೆ ಆ ಕಡೆಯವರಿಗೆ ಏನೂ ಅರ್ಥವಾಗಲ್ಲ. ಹ್ಯಾಂಡ್ಲರ್ 500 ಸ್ಟೇಟಸ್ ಜೊತೆ ಸರಿಯಾದ ಸೋಪ್ ಫಾಲ್ಟ್ ಕೊಡಲಿ, ಐಐಎಸ್ ನಡುವೆ ತನ್ನ ಎರರ್ ಪೇಜ್ ತುರುಕದ ಹಾಗೆ ರೆಸ್ಪಾನ್ಸ್‌ನಲ್ಲಿ ‘ಟ್ರೈ ಸ್ಕಿಪ್ ಐಐಎಸ್ ಕಸ್ಟಮ್ ಎರರ್ಸ್’ ಆನ್ ಮಾಡಿ. ಫಾಲ್ಟ್‌ನ ಸಂದೇಶ ಕ್ಲೈಂಟ್‌ನ ಎರರ್ ಬಾಕ್ಸ್‌ಗೋ ಲಾಗ್‌ಗೋ ಹಾಗೇ ಹೋಗಿ ಬೀಳುತ್ತದೆ. ಅದನ್ನು ಓದೋದು ಗೋಡೌನ್‌ನಲ್ಲಿ ಕೂತ ಯಾರೋ ಒಬ್ಬರು. ಹಾಗಾಗಿ ಆ ಒಂದು ಸಾಲಿನಲ್ಲಿ ಹೊಸ ವಿಳಾಸದ ಜೊತೆ ನಿಮ್ಮ ಆಫೀಸಿನ ಫೋನ್ ನಂಬರನ್ನೂ ಬರೆಯಿರಿ.